ನೋವು ತಡ್ಕೊಂಡ್ರೆ ಬೇಗ ವಾಸಿಯಾಗಲ್ಲ

ಸಿಸೇರಿಯನ್ ಆಗಿ ಮನೆಗೆ ಬಂದ ಬಾಣಂತಿಗೆ ಸಿಗೋ ಮೊದಲ ಬುದ್ಧಿಮಾತು: "ಮಾತ್ರೆ ಜಾಸ್ತಿ ನುಂಗಬೇಡ, ಹಾಲಿಗೆ ಇಳಿಯುತ್ತೆ, ಸ್ವಲ್ಪ ತಡ್ಕೋ." ದಯವಿಟ್ಟು ಹೀಗೆ ಹೇಳೋದು ಬಿಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎದೆಹಾಲಿಗೆ ಸೇರೋದು ತೀರಾ ಕಡಿಮೆ, ವೈದ್ಯರು ಅದನ್ನ ತಿಳಿದೇ ಬರೆದಿರ್ತಾರೆ.

ನೋವು ತಡ್ಕೊಂಡವಳು ಹಾಸಿಗೆ ಬಿಟ್ಟು ಏಳಲ್ಲ. ಓಡಾಡದಿದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೆರಿಗೆಯ ನಂತರದ 6 ವಾರ ಈ ಅಪಾಯ ಹೇಗೂ ಹೆಚ್ಚು. ಕೆಮ್ಮೋಕೆ ಹೆದರಿದ್ರೆ ಕಫ ಎದೆಯಲ್ಲೇ ಕೂರುತ್ತೆ. ಅದಕ್ಕೇ ಮೊದಲ ಕೆಲವು ದಿನ ನೋವು ಏರಲಿ ಅಂತ ಕಾಯದೆ, ಚೀಟಿಯಲ್ಲಿ ಬರೆದ ಹೊತ್ತಿಗೆ ಮಾತ್ರೆ ತಗೊಳ್ಳಿ. ಪ್ಯಾರಾಸಿಟಮಾಲ್ ಮಾತ್ರ ದಿನಕ್ಕೆ 4 ಗ್ರಾಂ ದಾಟಬಾರದು. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತೆ, ಲೆಕ್ಕಕ್ಕೆ ಸೇರಿಸಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರೋರು ಐಬುಪ್ರೊಫೆನ್ ಮುಟ್ಟೋ ಮುಂಚೆ ವೈದ್ಯರಿಗೆ ಹೇಳಿ.

ಇನ್ನು ಏಳೋ ರೀತಿ. ಅಂಗಾತ ಮಲಗಿದ್ದವರು ಹಾಗೇ ನೇರವಾಗಿ ಎದ್ದು ಕೂತ್ರೆ ಹೊಲಿಗೆ ಜಗ್ಗುತ್ತೆ. ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೇ ಮಗ್ಗುಲಿಗೆ ಹೊರಳಿ. ಕಾಲು ಮಂಚದಿಂದ ಇಳಿಬಿಡಿ. ಕೆಳಗಿನ ಮೊಣಕೈ ಊರಿ, ಇನ್ನೊಂದು ಅಂಗೈಯಿಂದ ಹಾಸಿಗೆ ಒತ್ತುತ್ತಾ, ಉಸಿರು ಬಿಡ್ತಾ ಏಳಿ. ಸ್ವಲ್ಪ ಹೊತ್ತು ಅಂಚಲ್ಲಿ ಕೂತು, ತಲೆ ಸುತ್ತದಿದ್ರೆ ನಿಲ್ಲಿ. ಕೆಮ್ಮು, ಸೀನು ಬಂದಾಗ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡ್ಕೊಳ್ಳಿ.

ಗಾಯಕ್ಕೆ ಪೌಡರ್, ಎಣ್ಣೆ ಏನೂ ಬೇಡ. ಹೊಟ್ಟೆ ಮಡಿಕೆಯಲ್ಲಿ ಬೆವರು ನಿಂತ್ರೆ ಸೋಂಕು ಹತ್ತುತ್ತೆ, ಸ್ನಾನದ ನಂತರ ಮಡಿಕೆ ಎತ್ತಿ ಒಣಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

ಹೊರಗಿನ ಚರ್ಮ ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತೆ. ಅದನ್ನ ನೋಡಿ "ಒಣಗಿತಲ್ಲ" ಅಂತ ಬಕೆಟ್ ಎತ್ತಿಸೋದು ದೊಡ್ಡ ತಪ್ಪು. ಒಳಗೆ ಗರ್ಭಕೋಶ, ಅದರ ಮೇಲೆ ಹೊಟ್ಟೆಯ ಗಟ್ಟಿ ಪದರ, ಎಲ್ಲಕ್ಕೂ ಬೇರೆ ಬೇರೆ ಹೊಲಿಗೆ ಇರುತ್ತೆ. ಕನಿಷ್ಠ 6 ವಾರ ಮಗುವಿಗಿಂತ ಭಾರದ್ದನ್ನ ಮನೆಯವರೇ ಎತ್ತಲಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಗಾಯ ಕೆಂಪಾಗಿ ಕೀವು ಬಂದ್ರೆ, ಒಂದೇ ಕಾಲು ಊದಿ ಮೀನಖಂಡ ನೋಯ್ತಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದ್ರೆ, ಎದೆನೋವು ಬಂದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಹೊರಡಿ. ಜೋರು ತಲೆನೋವು, ಕಣ್ಣು ಮಂಜಾಗೋದನ್ನ ನಿದ್ದೆಗೆಟ್ಟ ಸುಸ್ತು ಅಂದ್ಕೊಂಡು ಸುಮ್ಮನಾಗ್ತಾರೆ. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಹೆರಿಗೆಯಾದ ಮೇಲೆ ಏರಬಹುದು. ಇಂಥ ತಲೆನೋವು ಬಂದ ಕೂಡಲೇ ಬಿಪಿ ನೋಡಿಸಿ, 160/110 ಮುಟ್ಟಿದ್ರೆ ಬೆಳಗಾಗಲಿ ಅಂತ ಕಾಯೋ ಹಾಗೇ ಇಲ್ಲ.