ರಕ್ತ ಬಿದ್ದ ಜಾಗ ಯಾವುದು?

ಕೇಳುಗರಿಗೆ ನಮಸ್ಕಾರ.

1847ರ ಡಿಸೆಂಬರ್. ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ಶುರುವಾಗಿ ಒಂದೂವರೆ ವರ್ಷ ಕಳೆದಿತ್ತು. ಮೆಕ್ಸಿಕೊದವರು ನಮ್ಮ ನೆಲದಲ್ಲೇ ನಮ್ಮವರ ರಕ್ತ ಚೆಲ್ಲಿದ್ದಾರೆ ಅಂತ ಹೇಳಿಯೇ ಅಧ್ಯಕ್ಷ ಜೇಮ್ಸ್ ಪೋಲ್ಕ್ ಯುದ್ಧಕ್ಕೆ ಒಪ್ಪಿಗೆ ಪಡೆದಿದ್ದರು. ಆಗ ಇಲಿನಾಯ್ ರಾಜ್ಯದಿಂದ ಹೊಸದಾಗಿ ಆರಿಸಿ ಬಂದಿದ್ದ ವಿರೋಧ ಪಕ್ಷದ ವಕೀಲರೊಬ್ಬರು ಸಂಸತ್ತಿನ ಕೆಳಮನೆಯಾದ ಜನಪ್ರತಿನಿಧಿ ಸಭೆಯಲ್ಲಿ ಕೆಲವು ನಿರ್ಣಯಗಳನ್ನು ಮಂಡಿಸಿದರು. ಅವುಗಳ ತಿರುಳು ಒಂದೇ. ರಕ್ತ ಬಿತ್ತು ಅಂತೀರಲ್ಲ, ಅದು ಬಿದ್ದ ಜಾಗ ಯಾವುದು? ಅದು ನಿಜಕ್ಕೂ ನಮ್ಮ ನೆಲವೇ? ಆ ವಕೀಲರ ಹೆಸರು ಅಬ್ರಹಾಂ ಲಿಂಕನ್.

ಸುಮ್ನೆ ಕೇಳಿದ ಪ್ರಶ್ನೆಯಲ್ಲ ಅದು. ನ್ಯೂಸೆಸ್ ಮತ್ತು ರಿಯೊ ಗ್ರಾಂಡೆ ನದಿಗಳ ನಡುವಿನ ಆ ನೆಲ ನಮ್ಮದು ಅಂತ ಎರಡೂ ದೇಶಗಳು ಹೇಳುತ್ತಿದ್ದವು. ಅಲ್ಲಿಗೆ ಸೇನೆ ಕಳಿಸಿದ್ದು ಸ್ವತಃ ಪೋಲ್ಕ್. ಪ್ರಶ್ನೆಗೆ ಅವರು ಉತ್ತರ ಕೊಡಲೇ ಇಲ್ಲ. ಲಿಂಕನ್ ಅವರಿಗೆ ಸಿಕ್ಕಿದ್ದು ಗೇಲಿ ಮತ್ತು ಒಂದು ಅಡ್ಡಹೆಸರು. ಆದರೂ ಮರುತಿಂಗಳು ಅದೇ ಸಭೆ, ಈ ಯುದ್ಧವನ್ನು ಅಧ್ಯಕ್ಷರು ಅನಗತ್ಯವಾಗಿ, ಸಂವಿಧಾನಕ್ಕೆ ವಿರುದ್ಧವಾಗಿ ಶುರು ಮಾಡಿದರು ಅಂತ 85 ಮತಗಳಿಂದ ಹೇಳಿತು. ಎದುರು ಬಿದ್ದದ್ದು 81.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಯುದ್ಧ ಶುರುವಾದ ರೀತಿಯನ್ನು ವಿರೋಧಿಸಿದ ಇದೇ ಲಿಂಕನ್, ರಣರಂಗದಲ್ಲಿದ್ದ ಸೈನಿಕರ ಖರ್ಚಿಗೆ ಬೇಕಾದ ಹಣಕ್ಕೆ ಬೇಡ ಅನ್ನಲಿಲ್ಲ. ಯುದ್ಧವನ್ನು ಪ್ರಶ್ನಿಸಿದವರು ಸೈನಿಕರ ಶತ್ರುಗಳು ಅನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ. ನನಗೆ ಆ ಮಾತು ಕೇಳಿದಾಗೆಲ್ಲ ನೋವಾಗುತ್ತದೆ. ಸೈನಿಕನನ್ನು ಸಾಯಲು ಕಳಿಸುವ ಮುಂಚೆ ಯಾಕೆ ಅಂತ ಕೇಳುವುದಕ್ಕಿಂತ ದೊಡ್ಡ ಕಾಳಜಿ ಇನ್ನೇನಿದೆ?

ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಬರೆದ ಕರಡಿನಲ್ಲಿ, ಯುದ್ಧ ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ ಅಂತ ಇತ್ತು. ಚರ್ಚೆಯಾದ ಮೇಲೆ ಯುದ್ಧ ಸಾರುವ ಅಧಿಕಾರ ಅಂತ ತಿದ್ದಿದರು. ಯಾರಾದರೂ ದಿಢೀರನೆ ಮೇಲೆ ಬಿದ್ದರೆ, ಸಭೆ ಸೇರುವವರೆಗೆ ಕಾಯದೆ ಅಧ್ಯಕ್ಷರು ತಡೆಯಲಿ ಅನ್ನುವುದಷ್ಟೇ ಆ ತಿದ್ದುಪಡಿಯ ಉದ್ದೇಶ. ಲಿಂಕನ್ ತಮ್ಮ ವಕೀಲಿ ಪಾಲುದಾರರಿಗೆ ಬರೆದ ಪತ್ರದಲ್ಲಿ ಇದನ್ನೇ ವಿವರಿಸಿದ್ದಾರೆ. ರಾಜರು ಯಾವಾಗಲೂ ಜನರನ್ನು ಯುದ್ಧಕ್ಕೆ ಎಳೆದು ಬಡವರಾಗಿಸಿದರು, ಅದಕ್ಕೇ ಒಬ್ಬನೇ ಮನುಷ್ಯನ ಕೈಗೆ ಈ ಅಧಿಕಾರ ಕೊಡಬಾರದು ಅಂತ ಸಂವಿಧಾನ ಬರೆದವರು ತೀರ್ಮಾನಿಸಿದರು ಅನ್ನುತ್ತಾರೆ ಅವರು.

ಆದರೆ ಅಮೆರಿಕದ ಕಾಂಗ್ರೆಸ್ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರಲ್ಲಿ. ಆಮೇಲೆ ಯುದ್ಧಗಳು ನಿಂತವಾ? ಇಲ್ಲ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಮತವಿಲ್ಲದೆ ಕೊರಿಯಾಕ್ಕೆ ಸೇನೆ ಕಳಿಸಿದರು. ಅದಕ್ಕೆ ಪೊಲೀಸ್ ಕಾರ್ಯಾಚರಣೆ ಅನ್ನುವ ಹೆಸರು ಬಂತು.

ವಿಯೆಟ್ನಾಂ ಕತೆ ಇನ್ನೂ ಬೇರೆ. ಅಲ್ಲಿ ಮತ ಹಾಕಿಸಿದ್ದರು. 1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಮ್ಯಾಡಾಕ್ಸ್ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಮಿನ ದೋಣಿಗಳು ದಾಳಿ ಮಾಡಿದವು. 4ರ ರಾತ್ರಿ ಇನ್ನೊಂದು ದಾಳಿ ಆಯಿತು ಅಂತ ಸುದ್ದಿ ಬಂತು. ಕತ್ತಲೆ, ಕೆಟ್ಟ ಹವಾಮಾನ. ಕೆಲವೇ ಗಂಟೆಗಳಲ್ಲಿ, ಯಾಕೋ ಅನುಮಾನ, ಇನ್ನೊಮ್ಮೆ ಪರಿಶೀಲಿಸಿ ಅಂತ ಅಲ್ಲಿದ್ದ ಅಧಿಕಾರಿಯೇ ಸಂದೇಶ ಕಳಿಸಿದರು. ಅಷ್ಟಾದರೂ ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಪ್ರತಿದಾಳಿ ಘೋಷಿಸಿದರು. 7ರಂದು ಮತದಾನ. ಅಧ್ಯಕ್ಷರು ಅಗತ್ಯವಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು ಅನ್ನುವ ನಿರ್ಣಯಕ್ಕೆ ಜನಪ್ರತಿನಿಧಿ ಸಭೆಯಲ್ಲಿ 416 ಮತ ಬಿದ್ದವು. ವಿರೋಧ ಸೊನ್ನೆ. ಮೇಲ್ಮನೆಯಾದ ಸೆನೆಟ್‌ನಲ್ಲಿ ಪರ 88, ವಿರೋಧ 2.

ಆ ಇಬ್ಬರು ಆರೆಗಾನ್‌ನ ವೇಯ್ನ್ ಮೋರ್ಸ್ ಮತ್ತು ಅಲಾಸ್ಕದ ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ ಅಧ್ಯಕ್ಷರ ಪಕ್ಷದವರೇ ಅನ್ನುವುದನ್ನು ಮರೆಯಬೇಡಿ. ಯುದ್ಧ ಸಾರುವ ಅಧಿಕಾರ ನಮ್ಮದು, ಅದನ್ನು ಹೀಗೆ ಬರೆದು ಕೊಡಲು ನಮಗೆ ಹಕ್ಕಿಲ್ಲ ಅಂತ ಮೋರ್ಸ್ ವಾದಿಸಿದರು. 1968ರ ಹೊತ್ತಿಗೆ ವಿಯೆಟ್ನಾಂನಲ್ಲಿ ಅಮೆರಿಕದ ಐದು ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದರು. ಅದೇ ವರ್ಷ ಮೋರ್ಸ್, ಗ್ರೂನಿಂಗ್ ಇಬ್ಬರೂ ತಮ್ಮ ಸ್ಥಾನ ಕಳೆದುಕೊಂಡರು. 2005ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯೇ ಬಿಡುಗಡೆ ಮಾಡಿದ ಕಾಗದಪತ್ರಗಳಲ್ಲಿ ಸತ್ಯ ಹೊರಬಂತು. 4ರ ರಾತ್ರಿ ದಾಳಿಯೇ ನಡೆದಿರಲಿಲ್ಲ. ಲಿಂಕನ್ ಕೇಳಿದ ಪ್ರಶ್ನೆಯನ್ನು ಅಂದು ಇನ್ನೊಂದು ವಾರ ಕೂತು ಕೇಳಿದ್ದರೆ? ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ.

1973ರಲ್ಲಿ ಕಾಂಗ್ರೆಸ್ ಎಚ್ಚೆತ್ತು, ಅಧ್ಯಕ್ಷ ನಿಕ್ಸನ್ ಅವರ ವೀಟೊ ಮೀರಿ ಒಂದು ಕಾನೂನು ಮಾಡಿತು. ಸೇನೆ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಹಿಂದಕ್ಕೆ ಕರೆಸಿಕೊಳ್ಳಲು ಇನ್ನೊಂದು 30 ದಿನ. ಕೇಳಲು ಚೆನ್ನಾಗಿದೆ ಅಲ್ವಾ? 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಬೀಳುತ್ತಿದ್ದಾಗ 60 ದಿನ ದಾಟಿತು. ಇದು ಆ ಕಾನೂನು ಹೇಳುವಂಥ ಕದನವೇ ಅಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು.

ಬೇಡ ಅಂದವರೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಮರುದಿನ ಜಪಾನ್ ಮೇಲೆ ಯುದ್ಧ ಸಾರುವಾಗ ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಒಬ್ಬರೇ ವಿರುದ್ಧ ಮತ ಹಾಕಿದರು. ಅಲ್ಲಿ ರಕ್ತ ಬಿದ್ದ ಜಾಗ ಎಲ್ಲರಿಗೂ ಗೊತ್ತಿತ್ತು. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ, ಆದರೆ ಆ ದಿನ ನಾನು ಅವರ ಜೊತೆ ಮತ ಹಾಕುತ್ತಿರಲಿಲ್ಲ.

ಬಾರ್ಬರಾ ಲೀ ಜೊತೆ ಹಾಕುತ್ತಿದ್ದೆ. 2001ರ ಸೆಪ್ಟೆಂಬರ್ 14. ಅವಳಿ ಗೋಪುರಗಳು ಬಿದ್ದು ಮೂರೇ ದಿನ. ದಾಳಿಗೆ ಕಾರಣರಾದವರ ವಿರುದ್ಧ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಜನಪ್ರತಿನಿಧಿ ಸಭೆಗೆ ಬಂತು. 420 ಜನ ಒಪ್ಪಿದ್ದನ್ನು ಕ್ಯಾಲಿಫೋರ್ನಿಯಾದ ಈ ಒಬ್ಬರು ಒಪ್ಪಲಿಲ್ಲ. ಸತ್ತವರಿಗಾಗಿ ಅವರೂ ಅತ್ತಿದ್ದರು. ಅವರ ತಕರಾರು ಇದ್ದದ್ದು ನಿರ್ಣಯದ ಮಾತುಗಳ ಬಗ್ಗೆ. ಎಲ್ಲಿ, ಎಲ್ಲಿಯವರೆಗೆ ಅಂತ ಅದರಲ್ಲಿ ಇರಲೇ ಇಲ್ಲ. ಅವರಿಗೆ ಕೊಲೆ ಬೆದರಿಕೆ ಬಂತು, ಕಾವಲು ಹಾಕಬೇಕಾಯಿತು. 2014ರಲ್ಲಿ ಅದೇ ನಿರ್ಣಯ ತೋರಿಸಿ ಇಸ್ಲಾಮಿಕ್ ಸ್ಟೇಟ್ ವಿರುದ್ಧ ಯುದ್ಧ ನಡೆಸಿದರು. 2001ರಲ್ಲಿ ಆ ಹೆಸರಿನ ಸಂಘಟನೆಯೇ ಇರಲಿಲ್ಲ.

ಬ್ರಿಟನ್ನಿನಲ್ಲಿ ಪ್ರಧಾನಿ ಸಂಸತ್ತನ್ನು ಕೇಳಲೇಬೇಕು ಅಂತ ಕಾನೂನಿಲ್ಲ. ಆದರೂ 2003ರಲ್ಲಿ ಇರಾಕ್ ಯುದ್ಧಕ್ಕೆ ಮುಂಚೆ ಮತದಾನ ಆಯಿತು. ಆಡಳಿತ ಪಕ್ಷದ 139 ಜನ ತಮ್ಮದೇ ಪ್ರಧಾನಿಯ ವಿರುದ್ಧ ನಿಂತರೂ ಯುದ್ಧ ತಪ್ಪಲಿಲ್ಲ. ಇರಾಕಿನಲ್ಲಿ ಇವೆ ಅಂದಿದ್ದ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ಹತ್ತು ವರ್ಷ ಕಳೆದು, 2013ರ ಆಗಸ್ಟ್ 29ರಂದು ಸಿರಿಯಾ ಮೇಲೆ ಸೇನಾ ಕ್ರಮದ ವಿಷಯ ಮತಕ್ಕೆ ಬಂತು. ಅಲ್ಲಿ ವಿಷಾನಿಲಕ್ಕೆ ನೂರಾರು ಜನ ಸತ್ತಿದ್ದರು. ಮಕ್ಕಳೂ ಇದ್ದರು. ಸುಮ್ಮನಿರುವುದೂ ಸುಲಭವಲ್ಲದ ಹೊತ್ತು ಅದು. ಆದರೆ ಸದಸ್ಯರ ಮನಸ್ಸಲ್ಲಿ ಇರಾಕ್ ಇತ್ತು. ಪರ 272, ವಿರೋಧ 285. ಸಂಸತ್ತಿಗೆ ಬೇಡವಾಗಿದೆ, ಹಾಗೇ ನಡೆದುಕೊಳ್ಳುತ್ತೇವೆ ಅಂತ ಪ್ರಧಾನಿ ಕ್ಯಾಮರನ್ ಅಲ್ಲೇ ನಿಂತು ಒಪ್ಪಿಕೊಂಡರು.

ಎರಡೇ ದಿನಕ್ಕೆ, ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಒಬಾಮ ಶ್ವೇತಭವನದ ತೋಟಕ್ಕೆ ಬಂದು, ದಾಳಿಗೆ ಮುಂಚೆ ನಾನೂ ಕಾಂಗ್ರೆಸ್ಸಿನ ಒಪ್ಪಿಗೆ ಕೇಳುತ್ತೇನೆ ಅಂದರು.

ನಮಸ್ಕಾರ.