ಶಾಲೆ ಬಿಟ್ಟವರ ಚರಿತ್ರೆ

ಕೇಳುಗರಿಗೆ ನಮಸ್ಕಾರ.

1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋಗಿ, ಪ್ರವೇಶ ಸಿಗದೆ, ಸರ್ಕಾರಕ್ಕೆ ಅರ್ಜಿ ಬರೆದುಕೊಂಡ. ಅಂದಿನ ಮುಂಬಯಿ ಸರ್ಕಾರ ಅವನ ಕೋರಿಕೆ ಅನ್ಯಾಯದ್ದೆಂದು ಹೇಳಲಿಲ್ಲ. ನ್ಯಾಯ ಅವನ ಕಡೆಗಿದೆ ಎಂಬುದನ್ನು ಅದು ಅಲ್ಲಗಳೆಯಲೂ ಇಲ್ಲ. ಆದರೆ ತಲೆತಲಾಂತರದಿಂದ ಬಂದ ನಂಬಿಕೆಗಳನ್ನು ಒಬ್ಬನೇ ಒಬ್ಬ ಅರ್ಜಿದಾರನಿಗಾಗಿ ಕೆಣಕಿದರೆ, ಉಳಿದವರಿಗೆ ಆ ಶಾಲೆ ಇದ್ದೂ ಇಲ್ಲದಂತಾಗಬಹುದು ಎಂದು ಕಾರಣ ಕೊಟ್ಟು ಬಾಗಿಲು ಮುಚ್ಚಿತು. ಅರ್ಜಿ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. 1858ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು, ಈ ತತ್ತ್ವವನ್ನು ಬಿಡಲಾಗದು ಎಂದು ಬರೆದರು. ಅದೇ ವರ್ಷ ಕಂಪನಿಯ ಆಡಳಿತವೇ ಮುಗಿದುಹೋಯಿತು. ತತ್ತ್ವ ಕಾಗದದ ಮೇಲೆ ಉಳಿಯಿತು.

ಧಾರವಾಡ ನಮಗೆ ದೂರದ ಊರಲ್ಲ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಆಗಿನ ಕಾಲಕ್ಕೆ ಮುಂಬಯಿ ಪ್ರಾಂತ್ಯ, ಹೊಳೆಯ ಈಚೆ ದಡದ ದಾವಣಗೆರೆ, ಚಿತ್ರದುರ್ಗಗಳೆಲ್ಲ ಮೈಸೂರು ಸಂಸ್ಥಾನ. ಎರಡು ಸರ್ಕಾರಗಳು ಬೇರೆಯಾಗಿದ್ದರೂ ಶಾಲೆಯ ಜಗುಲಿ ಬೇರೆಯಾಗಿರಲಿಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಈ ಕಡೆಯ ಹಳ್ಳಿಗಳಲ್ಲಿದ್ದ ಕೂಲಿಮಠಗಳು, ಅಂದರೆ ಅಂದಿನ ಊರ ಶಾಲೆಗಳು, ಗುಡಿಯ ಪೌಳಿಯಲ್ಲೋ ಗೌಡರ, ಶಾನುಭೋಗರ ಮನೆಯ ಜಗುಲಿಯ ಮೇಲೋ ನಡೆಯುತ್ತಿದ್ದವು. ಗುಡಿಯೊಳಗೆ ಕಾಲಿಡಬಾರದವನು, ಜಗುಲಿ ಹತ್ತಬಾರದವನು, ಅಕ್ಷರದ ಹತ್ತಿರವೂ ಬರುವಂತಿರಲಿಲ್ಲ. ಮುಂದೆ ಸರ್ಕಾರಿ ಶಾಲೆ ಬಂದಾಗ ಹೆಚ್ಚಿನ ಊರುಗಳಲ್ಲಿ ಅದು ನೆಲೆಸಿದ್ದು ಇದೇ ಜಗುಲಿಗಳ ಮೇಲೆ. ಹೀಗಾಗಿ, ಶಾಲೆ ಎಲ್ಲರದು ಎಂಬ ಆದೇಶ ಬಂದ ಮೇಲೂ ಶಾಲೆ ನಡೆಯುವ ಜಾಗ ಎಲ್ಲರದಾಗಲಿಲ್ಲ.

ಶಿಕ್ಷಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಾಗಿಲು ತೆರೆದ ವರ್ಷಗಳ ಪಟ್ಟಿಯಾಗಿ ಬರೆಯುತ್ತೇವೆ. ಇಂಥ ವರ್ಷ ಇಂಥ ಶಾಲೆ ಶುರುವಾಯಿತು, ಇಂಥ ವರ್ಷ ಇಂಥ ಕಾನೂನು ಬಂತು ಎಂದು ಬರೆದರೆ ಕಥೆ ಮುಗಿಯಿತು ಎಂಬಂತೆ ಇರುತ್ತದೆ ಅದು. ಬಾಗಿಲು ತೆರೆಯದಿರಲು ಕೊಟ್ಟ ಕಾರಣಗಳ ಚರಿತ್ರೆಯನ್ನು, ಒಳಗೆ ಬಂದವರನ್ನು ಎಲ್ಲಿ ಕೂರಿಸಲಾಯಿತು ಎಂಬುದರ ಚರಿತ್ರೆಯನ್ನು, ಬಂದವರು ಯಾವ ತರಗತಿಯಲ್ಲಿ ಬಿಟ್ಟುಹೋದರು ಎಂಬುದರ ಚರಿತ್ರೆಯನ್ನು ಬರೆದದ್ದು ಕಡಿಮೆ. ಇವತ್ತಿನ ನನ್ನ ಮಾತು ಆ ಮೂರರ ಬಗ್ಗೆ.

ಕಾರಣಗಳನ್ನೇ ಮೊದಲು ನೋಡೋಣ. ಧಾರವಾಡದ ಪ್ರಕರಣ ನಡೆದು ನಲವತ್ತು ವರ್ಷವಾದ ಮೇಲೆ, 1896ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ ಇಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಪ್ಲೆಸ್ಸಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜನರ ರೂಢಿ, ಸಂಪ್ರದಾಯಗಳನ್ನೂ ಸಾರ್ವಜನಿಕ ಶಾಂತಿಯನ್ನೂ ಗಮನಿಸಿ ಕಾನೂನು ಮಾಡುವ ಅಧಿಕಾರ ರಾಜ್ಯಗಳಿಗೆ ಇದೆ ಎಂಬುದು ಅದರ ತರ್ಕ. ಆ ತೀರ್ಪಿನ ನೆರಳಿನಲ್ಲಿ ದಕ್ಷಿಣದ ರಾಜ್ಯಗಳ ಶಾಲೆಗಳು ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಎಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದವು. ಜಾತಿಯೂ ಜನಾಂಗವೂ ಒಂದೇ ಅಲ್ಲ. ಜಾತಿಗೆ ಜನಾಂಗದ ಮೂಲ ಕಟ್ಟುವ ವಾದವನ್ನು ಅಂಬೇಡ್ಕರ್ ಅವರೇ ಒಪ್ಪಲಿಲ್ಲ. ಗುಲಾಮಗಿರಿಯ ಚರಿತ್ರೆಯನ್ನು ಅಸ್ಪೃಶ್ಯತೆಯ ಚರಿತ್ರೆಯ ಮೇಲೆ ಇಟ್ಟು ಅಳೆಯುವುದು ಎರಡಕ್ಕೂ ಮಾಡುವ ಅನ್ಯಾಯ. ಆದರೂ ಮುಂಬಯಿಯ ಅಧಿಕಾರಿಯೂ ವಾಷಿಂಗ್ಟನ್ನಿನ ನ್ಯಾಯಾಧೀಶನೂ ಒಂದೇ ಲೆಕ್ಕ ಹಾಕಿದ್ದನ್ನು ಗಮನಿಸಲೇಬೇಕು. ಆ ಲೆಕ್ಕದಲ್ಲಿ ಆಕ್ಷೇಪಿಸುವವರು ಮಾತ್ರ ಸಾರ್ವಜನಿಕರು. ಹೊರಗೆ ನಿಂತ ಮಗುವಿನ ಮನೆಯವರೂ ತೆರಿಗೆ ಕೊಡುವವರೇ, ಅವರೂ ಸಾರ್ವಜನಿಕರೇ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಈ ಮಾತನ್ನು ನಮ್ಮಲ್ಲಿ ನೇರವಾಗಿ ಎತ್ತಿದವರು ಜ್ಯೋತಿಬಾ ಫುಲೆ. ಅವರೂ ಸಾವಿತ್ರಿಬಾಯಿಯವರೂ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು, ಮುಂದೆ ಅಸ್ಪೃಶ್ಯ ಮಕ್ಕಳಿಗೂ ಶಾಲೆ ನಡೆಸಿದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಫುಲೆಯವರು ಸರ್ಕಾರದ ಆದಾಯದ ಬಹುಪಾಲು ರೈತಾಪಿ ಜನರ ಬೆವರಿನಿಂದ ಬರುತ್ತದೆ, ಅದರ ಫಲ ಮಾತ್ರ ಮೇಲಿನವರ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ ಎಂದು ಹೇಳಿಕೆ ಕೊಟ್ಟರು. ಅಮೆರಿಕದಲ್ಲಿ ಗುಲಾಮಗಿರಿಯನ್ನು ತೊಡೆದವರಿಗೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ ಮನುಷ್ಯ ಅವರು. ಹೋಲಿಕೆಯನ್ನು ನಮಗಿಂತ ಬಹಳ ಮೊದಲೇ ಕಂಡಿದ್ದರು. ಅದೇ ಆಯೋಗ ಸರ್ಕಾರಿ ಶಾಲೆ ಎಲ್ಲರದು ಎಂಬ 1858ರ ತತ್ತ್ವವನ್ನು ಎತ್ತಿಹಿಡಿಯಿತು, ಆದರೆ ಎಚ್ಚರಿಕೆಯಿಂದ ಜಾರಿಗೆ ತರಬೇಕೆಂದು ಸೇರಿಸಿತು. ಮಕ್ಕಳ ಸಂಖ್ಯೆ ಸಾಕಷ್ಟಿದ್ದ ಕಡೆ ಪ್ರತ್ಯೇಕ ಶಾಲೆ ತೆರೆಯಬಹುದೆಂದೂ ಶಿಫಾರಸು ಮಾಡಿತು. ಅಮೆರಿಕದ ಸುಪ್ರೀಂ ಕೋರ್ಟು 1954ರ ಬ್ರೌನ್ ತೀರ್ಪಿನಲ್ಲಿ ಪ್ರತ್ಯೇಕ ಶಾಲೆಗಳನ್ನು ಅಸಾಂವಿಧಾನಿಕವೆಂದು ಘೋಷಿಸಿ, ಮರುವರ್ಷ ಅದನ್ನು ಜಾರಿಗೊಳಿಸುವ ವೇಗದ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಧಾಟಿಯ ಮಾತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಕಪ್ಪು ಮಕ್ಕಳೊಂದಿಗೆ ಬಿಳಿಯ ಮಕ್ಕಳನ್ನು ಕೂರಿಸುವ ಬದಲು 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳಿಗೇ ಬೀಗ ಹಾಕಿತು. ಆ ಬೀಗ ತೆಗೆದದ್ದು 1964ರಲ್ಲಿ. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಇತ್ತು. ಐದು ವರ್ಷ ಕಲಿಕೆ ಕಳೆದುಕೊಂಡವರು ಯಾರೆಂದು ಹೇಳಬೇಕಾಗಿಲ್ಲ.

ಇನ್ನು ಮೈಸೂರು ಸಂಸ್ಥಾನದ ಮಾತು. ಮಾದರಿ ಸಂಸ್ಥಾನವೆಂದು ನಾವು ಹೆಮ್ಮೆಪಡುತ್ತೇವೆ, ಹೆಮ್ಮೆಗೆ ಕಾರಣವೂ ಇದೆ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ 1913ರಲ್ಲೇ ಕಾನೂನು ಮಾಡಿದ ಸರ್ಕಾರ ಅದು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುತ್ತಿಲ್ಲ ಎಂಬ ದೂರಿನ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ ಸರ್ಕಾರವೂ ಅದೇ. ಆದರೆ ಆಗ ಪಂಚಮರೆಂದು ಕರೆಯುತ್ತಿದ್ದ ಸಮುದಾಯಗಳ ಮಕ್ಕಳಿಗೆ ಅಲ್ಲಿಯೂ ಮೊದಲು ಸಿಕ್ಕಿದ್ದು ಪ್ರತ್ಯೇಕ ಪಂಚಮ ಶಾಲೆಗಳು. ಸಾಮಾನ್ಯ ಶಾಲೆಗಳಿಗೆ ಅವರನ್ನು ಸೇರಿಸಿಕೊಳ್ಳುವ ಪ್ರಶ್ನೆ ಎದ್ದಾಗ ಸರ್ಕಾರ ಪ್ರವೇಶದ ಪರವಾಗಿ ನಿಂತಿತು. ಹಲವು ಊರುಗಳಲ್ಲಿ ಮೇಲ್ಜಾತಿಯ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. 1960ರಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ ಸೇರಿದಾಗಲೂ ನಡೆದದ್ದು ಇದೇ. ಆಕೆ ಒಂದನೆಯ ತರಗತಿಯನ್ನು ಖಾಲಿ ಕೊಠಡಿಯಲ್ಲಿ, ಒಬ್ಬರೇ ಒಬ್ಬ ಶಿಕ್ಷಕಿಯ ಮುಂದೆ ಒಬ್ಬಳೇ ಕುಳಿತು ಮುಗಿಸಿದಳು. ಬಿಸಿಯೂಟದ ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ, ಶಾಲೆಯನ್ನೇ ಬಿಡಿಸಿದ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ನಾವು ಈ ಶತಮಾನದಲ್ಲೂ ಓದಿದ್ದೇವೆ.

ಪ್ರತ್ಯೇಕ ಶಾಲೆಯನ್ನು ಕೇವಲ ಅವಮಾನವೆಂದು ಬದಿಗಿಡುವುದೂ ಸರಿಯಲ್ಲ. 1855ರಲ್ಲಿ ಫುಲೆಯವರ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಬಾಲಕಿ ಮುಕ್ತಾಬಾಯಿ ತನ್ನ ಜನರ ಸಂಕಟದ ಬಗ್ಗೆ ಮರಾಠಿಯಲ್ಲಿ ಬರೆದ ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾಯಿತು. ಅಕ್ಷರ ನಿರಾಕರಿಸಲ್ಪಟ್ಟವರೇ ಆ ಕಾಲದಲ್ಲಿ ಬರೆದು ಉಳಿದಿರುವ ಮಾತುಗಳು ಬಹಳ ಕಡಿಮೆ, ಅದರಲ್ಲಿ ಇದೊಂದು. ಅಮೆರಿಕದ ದಕ್ಷಿಣದಲ್ಲಿ 1912ರಿಂದ 1932ರವರೆಗೆ ರೋಸೆನ್‌ವಾಲ್ಡ್ ನಿಧಿಯ ನೆರವಿನಿಂದ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಎದ್ದವು. ಸರ್ಕಾರಕ್ಕೆ ತೆರಿಗೆ ಕೊಟ್ಟು, ಆ ತೆರಿಗೆಯ ಶಾಲೆ ತಮಗೆ ಸಿಗದಿದ್ದಾಗ, ಬಡ ಗೇಣಿದಾರರು ಮತ್ತೆ ಚಂದಾ ಎತ್ತಿ, ಮರ ಹೊತ್ತು, ಗೋಡೆ ಕಟ್ಟಿದರು. ಆ ಶಾಲೆಗಳಲ್ಲಿ ಕಪ್ಪು ಶಿಕ್ಷಕರ ಒಂದು ಪರಂಪರೆಯೇ ಬೆಳೆಯಿತು. ಬ್ರೌನ್ ತೀರ್ಪಿನ ನಂತರ ಶಾಲೆಗಳು ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಜನರ ಶಾಲೆಗಳು, ಕೆಲಸ ಕಳೆದುಕೊಂಡವರು ಸಾವಿರಾರು ಕಪ್ಪು ಶಿಕ್ಷಕರು. ಒಂದುಗೂಡುವಿಕೆಯ ಖರ್ಚನ್ನೂ ಕೆಳಗಿದ್ದವರ ಲೆಕ್ಕಕ್ಕೇ ಬರೆದಂತಾಯಿತು.

ನಮ್ಮ ಭಾಗದಲ್ಲಿ ಈ ಚರಿತ್ರೆಯ ದಿಕ್ಕನ್ನು ಬದಲಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಶಾಲೆಗಿಂತ ಹೆಚ್ಚಾಗಿ ಹಾಸ್ಟೆಲು. ಚಿತ್ರದುರ್ಗದ ಮುರುಘರಾಜೇಂದ್ರ ಮಠದ ಜಯದೇವ ಸ್ವಾಮಿಗಳು ಕಳೆದ ಶತಮಾನದ ಮೊದಲರ್ಧದಲ್ಲಿ ನಾಡಿನ ಹಲವು ಪಟ್ಟಣಗಳಲ್ಲಿ ಉಚಿತ ವಿದ್ಯಾರ್ಥಿ ನಿಲಯಗಳನ್ನು ತೆರೆಸಿದರು. ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಎರಡು ಹೊತ್ತಿನ ಊಟ, ಮಲಗಲು ಒಂದು ಜಾಗ ಸಿಕ್ಕಿದರೆ ಅವನು ಹೈಸ್ಕೂಲು ದಾಟಬಲ್ಲ ಎಂಬುದನ್ನು ಮಠಗಳೂ ಜಾತಿ ಸಂಘಗಳೂ ಮೊದಲು ಅರಿತವು. ಮಠವೂ ಸಂಘವೂ ಇಲ್ಲದ ಜಾತಿಗಳ ಮಕ್ಕಳು ಸರ್ಕಾರಿ ಹಾಸ್ಟೆಲಿಗಾಗಿ ಕಾಯಬೇಕಾಯಿತು, ಈ ಕಾಯುವಿಕೆ ಒಂದು ತಲೆಮಾರನ್ನಾದರೂ ತಿಂದಿತು. ದಾವಣಗೆರೆ ವಿದ್ಯಾನಗರಿ ಎನಿಸಿಕೊಂಡು ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಂದ ಬೆಳೆದ ಕಾಲದಲ್ಲಿ ಆ ಕಾಲೇಜುಗಳ ಗೇಟಿನವರೆಗೆ ಬರುವಷ್ಟು ತರಗತಿಗಳನ್ನು ಯಾರ ಮಕ್ಕಳು ದಾಟಿದ್ದರು ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಇದನ್ನು ಅಂಕಿ-ಸಂಖ್ಯೆಯಲ್ಲಿ ಕೇಳಿದವರು ಪಕ್ಕದ ರಾಣೆಬೆನ್ನೂರಿನ ಎಲ್.ಜಿ. ಹಾವನೂರರು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಅವರ ಹಿಂದುಳಿದ ವರ್ಗಗಳ ಆಯೋಗ, ಒಂದೊಂದು ಜಾತಿಯ ಜನಸಂಖ್ಯೆಗೆ ಎಷ್ಟು ಮಂದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಎಂದು ನೋಡಿ ಹಿಂದುಳಿದಿರುವಿಕೆಯನ್ನು ಅಳೆಯಿತು. ಶಾಲೆಗೆ ಸೇರಿದವರ ಎಣಿಕೆಯಿಂದ ಕಾಣದ ಸತ್ಯ, ದಾಟಿದವರ ಎಣಿಕೆಯಿಂದ ಕಂಡಿತು.

ಒಳಗೆ ಬಂದ ಮಗುವಿಗೆ ಶಾಲೆ ಏನು ಮಾಡಿತು ಎಂಬುದು ಇನ್ನೂ ಕಹಿಯಾದ ಅಧ್ಯಾಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಿಂದ 1918ರವರೆಗೆ ನಡೆದ ಕಾರ್ಲೈಲ್ ವಸತಿ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ಬಾಯಿ ಬಿಡದಂತೆ ತಡೆದರು. ಉಪಕಾರ ಮಾಡುತ್ತಿದ್ದೇವೆಂದೇ ಅವರು ನಂಬಿದ್ದರು. ನಮ್ಮಲ್ಲಿ ಅಷ್ಟು ಕ್ರೂರವಾದ ಯೋಜನೆ ಇರಲಿಲ್ಲ ಎಂದು ನಿಟ್ಟುಸಿರು ಬಿಡುವ ಮುನ್ನ, 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ನೆನೆಯಬೇಕು. ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿದ ಸಮುದಾಯಗಳನ್ನು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಬೇಲಿಯೊಳಗಿನ ಸೆಟ್ಲ್‌ಮೆಂಟುಗಳಲ್ಲಿಟ್ಟು ಹಾಜರಿ ಕೂಗುತ್ತಿದ್ದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಉತ್ತರ ಕನ್ನಡದ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬಣ್ಣದ ಕಾರಣಕ್ಕೆ, ಗುಂಗುರು ಕೂದಲಿನ ಕಾರಣಕ್ಕೆ ಸಹಪಾಠಿಗಳ ಗೇಲಿ ಕೇಳುವ ಮಕ್ಕಳು ಕನ್ನಡ ನಾಡಿನಲ್ಲೇ ಇದ್ದಾರೆ ಎಂಬುದನ್ನು ಬಯಲುಸೀಮೆಯ ನಾವು ಮರೆತುಬಿಡುತ್ತೇವೆ.

ಬಯಲುಸೀಮೆಯಲ್ಲಿ ಮರೆಯಲಾಗದ್ದು ತಾಂಡಾ ಮತ್ತು ಹಟ್ಟಿ. ಲಂಬಾಣಿ ತಾಂಡಾದ ಮಗು ಮನೆಯಲ್ಲಿ ಆಡುವ ಮಾತು ಬೇರೆ, ಒಂದನೆಯ ತರಗತಿಯ ಪುಸ್ತಕದ ಮಾತು ಬೇರೆ. ಮೇಷ್ಟ್ರು ಕೇಳಿದ್ದು ಅರ್ಥವಾಗದೆ ಸುಮ್ಮನೆ ಕುಳಿತ ಮಗುವನ್ನು ದಡ್ಡ ಎಂದು ಹಿಂದಿನ ಸಾಲಿಗೆ ತಳ್ಳುವುದಕ್ಕೆ ಯಾವ ಕಾನೂನೂ ಬೇಕಾಗಲಿಲ್ಲ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಕುರಿಯ ಹಿಂದೆ ಹೋಗುವವರು, ಕೂಲಿಗೆಂದು ಕಾಫಿಸೀಮೆಗೋ ಬೆಂಗಳೂರಿಗೋ ಗುಳೆ ಹೊರಡುವವರು ಮಕ್ಕಳನ್ನೂ ಕರೆದುಕೊಂಡೇ ಹೋಗುತ್ತಾರೆ. ಶಾಲೆಯ ವರ್ಷ ಜೂನ್‌ನಲ್ಲಿ ಶುರುವಾಗುತ್ತದೆ, ಗುಳೆಯ ವರ್ಷಕ್ಕೆ ಅದರದೇ ಲೆಕ್ಕ. ಈ ಎರಡು ಲೆಕ್ಕಗಳು ಕೂಡಿಬರದಿದ್ದಾಗ ತಪ್ಪನ್ನು ನಾವು ಮಗುವಿನ ಗೈರುಹಾಜರಿಯೆಂದು ಬರೆದುಕೊಂಡೆವು.

ಬರೆದುಕೊಂಡದ್ದು ದಾಖಲಾತಿ ರಿಜಿಸ್ಟರಿನಲ್ಲಿ. ಹಳೆಯ ಪ್ರಾಥಮಿಕ ಶಾಲೆಗಳ ಬೀರುವಿನಲ್ಲಿ, ಇಲ್ಲವೇ ಮುಖ್ಯೋಪಾಧ್ಯಾಯರ ಕೊಠಡಿಯ ತಗಡಿನ ಟ್ರಂಕಿನಲ್ಲಿ, ಉದ್ದನೆಯ ಹಾಳೆಗಳ ಆ ಪುಸ್ತಕಗಳು ಇನ್ನೂ ಸಿಗುತ್ತವೆ. ನಿಬ್ಬಿನ ಲೇಖನಿಯಿಂದ ಬರೆದ ಸಾಲುಗಳಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಕಸುಬು ಇರುತ್ತವೆ. ಕಸುಬಿನ ಅಂಕಣದಲ್ಲಿ ಕೂಲಿ ಎಂಬ ಎರಡಕ್ಷರ ಪುಟದುದ್ದಕ್ಕೂ ಇಳಿಯುತ್ತದೆ. ಹುಟ್ಟಿದ ತಾರೀಖಿನ ಅಂಕಣದಲ್ಲಿ ಮತ್ತೆ ಮತ್ತೆ ಜೂನ್ 1. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ಮೇಷ್ಟ್ರು ತಾವೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದ ಕಾಲದ ಗುರುತು ಅದು. ಹಾಗೆ ಮನೆಮನೆಗೆ ಹೋಗಿ ಮಕ್ಕಳನ್ನು ಎಳೆತಂದು ಹೆಸರು ಬರೆಸಿದ ಮೇಷ್ಟ್ರುಗಳಿಗೆ ನಾವು ಋಣಿಗಳು. ಆದರೆ ಬಲತುದಿಯಲ್ಲಿ ಶಾಲೆ ಬಿಟ್ಟ ದಿನಾಂಕ, ಬಿಟ್ಟಾಗಿನ ತರಗತಿ, ಬಿಡಲು ಕಾರಣ ಎಂಬ ಅಂಕಣಗಳಿರುತ್ತವೆ. ಸೇರಿದವರ ಸಂಖ್ಯೆ ಇಲಾಖೆಗೆ ಹೋಯಿತು, ಇಲಾಖೆಯ ವರದಿಯಾಯಿತು, ವರದಿಯಿಂದ ಚರಿತ್ರೆಯಾಯಿತು. ಬಲತುದಿಯ ಅಂಕಣಗಳನ್ನು ಯಾರೂ ಕೂಡಿಸಿ ನೋಡಲಿಲ್ಲ.

ಅವನ್ನು ಈಗ ಕೂಡಿಸಬಹುದು. ಶತಮಾನ ಕಂಡ ಸರ್ಕಾರಿ ಶಾಲೆಗಳು ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿವೆ, ಶತಮಾನೋತ್ಸವದ ಸ್ಮರಣ ಸಂಚಿಕೆಗಳು ಬರುತ್ತವೆ, ಅವುಗಳಲ್ಲಿ ಆ ಶಾಲೆಯಲ್ಲಿ ಓದಿ ದೊಡ್ಡವರಾದವರ ಫೋಟೋಗಳಿರುತ್ತವೆ. ಜೊತೆಗೆ, ಒಂದೊಂದು ದಶಕದಲ್ಲಿ ಯಾವ ಕೇರಿಯ, ಯಾವ ಹಟ್ಟಿಯ, ಯಾವ ತಾಂಡಾದ ಎಷ್ಟು ಮಕ್ಕಳು ಯಾವ ತರಗತಿಯಲ್ಲಿ ಬಿಟ್ಟರು ಎಂಬ ಒಂದು ಪುಟವನ್ನೂ ಸೇರಿಸುವುದು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರಿಗೂ ಹಳೆಯ ವಿದ್ಯಾರ್ಥಿಗಳಿಗೂ ಅಸಾಧ್ಯವಾದ ಕೆಲಸವಲ್ಲ. ಮಕ್ಕಳ ಹೆಸರುಗಳನ್ನು ಬಹಿರಂಗಪಡಿಸಬೇಕಿಲ್ಲ, ಎಣಿಕೆ ಸಾಕು. ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆಗಳನ್ನು ಪಕ್ಕದ ಶಾಲೆಯೊಂದಿಗೆ ವಿಲೀನಗೊಳಿಸುವ ಮಾತು ಕೇಳಿಬರುತ್ತಿರುವಾಗ ಈ ಕೆಲಸವನ್ನು ಮುಂದೂಡುವಂತಿಲ್ಲ. ಶಾಲೆ ಮುಚ್ಚಿದ ದಿನ ಬೆಂಚು, ಬೀರುಗಳಿಗೆ ಪಟ್ಟಿ ಆಗುತ್ತದೆ. ಗೆದ್ದಲು ಹಿಡಿದ ರಿಜಿಸ್ಟರುಗಳು ರದ್ದಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಆ ಊರಿನವರದೇ ಆಗಿರುತ್ತದೆ.

ನಮಸ್ಕಾರ.