ಟಿಕೆಟ್‌ಗಿಂತ ಮೊದಲು ಒಂದು ಕಾಗದ

ಎಲ್ಲರಿಗೂ ನಮಸ್ಕಾರ. ಈಗ ರೇಡಿಯೋ ಕೇಳುತ್ತಿರುವ ನಿಮ್ಮಲ್ಲಿ ತುಂಬಾ ಜನರ ಮಗನೋ ಮಗಳೋ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುತ್ತಾರೆ. "ಅಮ್ಮಾ, ಹಲ್ಲು ಊರಿಗೆ ಬಂದಾಗಲೇ ಮಾಡಿಸ್ಕೊಳ್ತೀನಿ, ಇಲ್ಲಿ ವಿಪರೀತ ದುಡ್ಡು" ಅಂತ ಅವರು ಫೋನಿನಲ್ಲಿ ಹೇಳಿರುತ್ತಾರೆ, ಅಲ್ವಾ? ಅದರಲ್ಲಿ ತಪ್ಪೇನಿಲ್ಲ. ಅಮೆರಿಕದವರೇ ಹೀಗೆ ಮಾಡುತ್ತಾರೆ. ಅರಿಜೋನಾದ ಯೂಮಾ ಹತ್ತಿರ ಗಡಿ ದಾಟಿದರೆ ಮೆಕ್ಸಿಕೋದ ಲಾಸ್ ಆಲ್ಗೋಡೋನೆಸ್ ಸಿಗುತ್ತದೆ. ಸಣ್ಣ ಊರು, ಆದರೆ ನೂರಾರು ಹಲ್ಲಿನ ಡಾಕ್ಟರು. ಜನ ಕಾರನ್ನು ಗಡಿಯ ಈಚೆಗೇ ನಿಲ್ಲಿಸಿ, ನಡೆದುಕೊಂಡು ಹೋಗಿ ಹಲ್ಲು ಕಟ್ಟಿಸಿಕೊಂಡು ಬರುತ್ತಾರೆ.

ನಾನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇನ್ಶೂರೆನ್ಸ್ ಕೌಂಟರ್ ನೋಡಿಕೊಂಡು 20 ವರ್ಷ ಕಳೆದವಳು. ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಟಿಕೆಟ್ ತೆಗೆಯುವ ಮೊದಲು, ಇಲ್ಲಿ ಮಾಡಿಸುವ ಚಿಕಿತ್ಸೆಗೆ ಅಲ್ಲಿನ ಇನ್ಶೂರೆನ್ಸ್ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಫೋನಿನಲ್ಲಿ ಬೇಡ, ಬರಹದಲ್ಲಿ.

ಯಾಕೆ ಅಂತ ಒಬ್ಬ ತಾಯಿಯ ಕಥೆ ಹೇಳುತ್ತೇನೆ. ಮಲೆನಾಡಿನ ಕಡೆಯವರು. ಅವರ ಮಗಳು ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಳು. ಶಟಲ್ ಆಡುವಾಗ ಮಂಡಿ ತಿರುಚಿ ಲಿಗಮೆಂಟ್ ಹರಿದುಹೋಯಿತು. ಅಲ್ಲಿ ಮೊದಲ ಕೆಲವು ಸಾವಿರ ಡಾಲರ್ ತಾನೇ ಕೈಯಿಂದ ಕಟ್ಟಬೇಕು, ಆಮೇಲಷ್ಟೇ ಇನ್ಶೂರೆನ್ಸ್. ಅದಕ್ಕೆ ಊರಿಗೇ ಹೊರಟಳು. ಹೊರಡುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ "ಇಂಡಿಯಾದಲ್ಲಿ ಆಸ್ಪತ್ರೆಗೆ ಸೇರಿದರೆ ಹಣ ಕೊಡುತ್ತೀರಾ" ಅಂತ ಕೇಳಿದಳು. ಆ ಕಡೆಯವರು ಹೌದು ಅಂದರು. ಅಷ್ಟೇ ಸಾಕು ಅಂದುಕೊಂಡು ಟಿಕೆಟ್ ತೆಗೆದಳು.

ಆಪರೇಷನ್ ಚೆನ್ನಾಗಿ ಆಯಿತು. ಅಮ್ಮನ ಮನೆಯ ಊಟ ಮಾಡಿಕೊಂಡು, ಫಿಸಿಯೋಥೆರಪಿ ಮುಗಿಸಿ ವಾಪಸ್ ಹೋದಳು. ಮೂರು ತಿಂಗಳ ನಂತರ ಆ ತಾಯಿ ಬಟ್ಟೆ ಅಂಗಡಿಯ ಕವರಿನಲ್ಲಿ ಕಾಗದಗಳನ್ನು ತುಂಬಿಕೊಂಡು ನನ್ನ ಕೌಂಟರಿಗೆ ಬಂದರು. ಕ್ಲೇಮ್ ವಾಪಸ್ ಬಂದಿತ್ತು. ಬಿಲ್ ತೆಗೆದು ನೋಡಿದರೆ ಒಂದೇ ಸಾಲು: ಮಂಡಿ ಆಪರೇಷನ್ ಪ್ಯಾಕೇಜ್, ಇಷ್ಟು ರೂಪಾಯಿ. ನಮ್ಮಲ್ಲಿ ಅದು ಮಾಮೂಲು. ಅಲ್ಲಿನವರಿಗೆ ಅದು ಬಿಲ್ಲೇ ಅಲ್ಲ. ಥಿಯೇಟರಿಗೆ ಎಷ್ಟು, ಸರ್ಜನ್‌ಗೆ ಎಷ್ಟು, ಅರಿವಳಿಕೆಗೆ ಎಷ್ಟು, ಒಳಗೆ ಹಾಕಿದ ಸ್ಕ್ರೂಗೆ ಎಷ್ಟು, ಎಲ್ಲ ಬಿಡಿಬಿಡಿಯಾಗಿ ಬೇಕು. ಕಾಯಿಲೆಯ ಕೋಡ್, ಅಂದರೆ ಆ ಕಾಯಿಲೆಗೆ ಕೊಟ್ಟಿರುವ ನಂಬರ್ ಬೇಕು. ಆಪರೇಷನ್ ನೋಟ್ಸ್ ಬೇಕು, ದುಡ್ಡು ಕಟ್ಟಿದ ರಸೀದಿ ಬೇಕು.

ನಾನು ಬಿಡಲಿಲ್ಲ. ಹದಿನೈದು ದಿನ ಓಡಾಡಿ, ಮೆಡಿಕಲ್ ರೆಕಾರ್ಡ್ಸ್‌ನವರನ್ನು ಕಾಡಿಬೇಡಿ, ಸ್ಕ್ರೂ ಪ್ಯಾಕೆಟ್ಟಿನ ಸ್ಟಿಕರ್ ಕೂಡ ಹುಡುಕಿಸಿ, ಎಲ್ಲವನ್ನೂ ಜೋಡಿಸಿ ಕಳಿಸಿದೆ. ಮತ್ತೆ ವಾಪಸ್! ಈ ಸಲ ಕಾರಣ ಬೇರೆ. ಫೋನಿನಲ್ಲಿ ಹೌದು ಅಂದಿದ್ದು ತುರ್ತು ಚಿಕಿತ್ಸೆಗೆ. ರಸ್ತೆಯಲ್ಲಿ ಬಿದ್ದು ಆಸ್ಪತ್ರೆಗೆ ಸೇರಿದರೆ ಕೊಡುತ್ತಾರೆ. ದಿನ ಗೊತ್ತು ಮಾಡಿಕೊಂಡು, ವಿಮಾನ ಹತ್ತಿ ಬಂದು ಮಾಡಿಸಿಕೊಂಡರೆ ಮೊದಲೇ ಒಪ್ಪಿಗೆ ಬೇಕಿತ್ತು. ಆಪರೇಷನ್ ಆದಮೇಲೆ ಹಿಂದಿನ ತಾರೀಖು ಹಾಕಿ ಯಾರೂ ಒಪ್ಪಿಗೆ ಕೊಡುವುದಿಲ್ಲ. ಆ ತಾಯಿ ಏನೂ ಹೇಳದೆ ಕಾಗದಗಳನ್ನು ಮತ್ತೆ ಅದೇ ಕವರಿಗೆ ಹಾಕಿಕೊಂಡು ಎದ್ದರು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಒಂದು ಮೇಲ್ ಬರೆದು ಕೇಳಿದ್ದರೆ ಕೊಡುತ್ತಾರೋ ಇಲ್ಲವೋ ಅನ್ನುವುದಾದರೂ ಮೊದಲೇ ಗೊತ್ತಾಗುತ್ತಿತ್ತು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆ. ಅದನ್ನು ನಂಬಿ ಇಲ್ಲಿಗೆ ಬರಬೇಡಿ, ದೇಶದ ಹೊರಗಿನ ಚಿಕಿತ್ಸೆಗೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಇಲ್ಲಿನ ಪಾಲಿಸಿಯನ್ನೇ ಮಾಡಿಸಿಡುತ್ತೇವೆ ಅನ್ನುವವರು ಬೇಗ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 36 ತಿಂಗಳವರೆಗೂ ಕಾಯಿಸಬಹುದು. 2024ರವರೆಗೆ ಅದು 48 ತಿಂಗಳಿತ್ತು. ಮಂಡಿ ನೋವು ಶುರುವಾದಮೇಲೆ ಪಾಲಿಸಿ ಮಾಡಿಸಿ ಮುಂದಿನ ತಿಂಗಳೇ ಹಣ ಕೇಳಿದರೆ ಯಾರು ಕೊಡುತ್ತಾರೆ ಹೇಳಿ?

ಇನ್ನೊಂದು, ಆಪರೇಷನ್ ಆದ ಎರಡನೇ ದಿನಕ್ಕೇ ರಿಟರ್ನ್ ಟಿಕೆಟ್ ಇಟ್ಟುಕೊಂಡು ಬರುತ್ತಾರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಎದೆ ಅಥವಾ ಹೊಟ್ಟೆಯ ಆಪರೇಷನ್ ಆದರೆ ಕಡಿಮೆ ಅಂದರೂ 10 ದಿನ ವಿಮಾನ ಹತ್ತಬಾರದು. ತುಂಬಾ ಹೊತ್ತು ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮತ್ತೆ ವಾಪಸ್ ಹೋದಮೇಲೆ ಹೊಲಿಗೆ ನೋಡುವ ಡಾಕ್ಟರ್ ಯಾರು ಅಂತ ಮೊದಲೇ ಗೊತ್ತಿರಲಿ.

ಇವತ್ತು ರಾತ್ರಿ ಮಗನೋ ಮಗಳೋ ಫೋನ್ ಮಾಡಿದರೆ, ಕಂಪನಿಗೆ ಕಳಿಸುವ ಮೇಲ್‌ನಲ್ಲಿ ಇಷ್ಟು ಬರೆಯಲು ಹೇಳಿ. ಪೆನ್ ಇದ್ದರೆ ಬರೆದುಕೊಳ್ಳಿ: "ಇಂಥ ದಿನ, ಇಂಡಿಯಾದ ಇಂಥ ಆಸ್ಪತ್ರೆಯಲ್ಲಿ ಇಂಥ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಇದು ತುರ್ತು ಅಲ್ಲ. ಹಣ ಕೊಡುತ್ತೀರಾ, ಎಷ್ಟು ಕೊಡುತ್ತೀರಾ, ಯಾವ ಯಾವ ಕಾಗದ ಬೇಕು?" ಉತ್ತರ ಬರುವವರೆಗೆ ಟಿಕೆಟ್ ಬೇಡ. ನಮಸ್ಕಾರ.